ಗೌಡರ ಗೇಣು

ಕೆರೆ ಗುತ್ತಿಗೆ ಹಿಡಿದ ಮರಿಗೌಡರು ಏರಿ ಮೇಲೆ ನಿಂತು, ಊರಿಗೆಲ್ಲ ಕೇಳುವಂತೆ ಕೂಗಿದರು: “ನನ್ನ ಗೇಣಿಗಿಂತ ಉದ್ದದ ಮೀನೆಲ್ಲ ನನ್ನ ಮನೆಗೆ. ಗಿಡ್ಡದ್ದು ಬಲೆ ಹಾಕಿದವನಿಗೆ.”

ಬಲೆ ಹಾಕಿದವನು ಚೌಡಯ್ಯ. ಬುಟ್ಟಿಯಲ್ಲಿ ಜಿಲೇಬಿ ಮೀನುಗಳು ಪಟಪಟ ಒದ್ದಾಡುತ್ತಿದ್ದವು. ಬಿಸಿಲೇರುತ್ತಿತ್ತು, ಸಂತೆಗೆ ಹೊತ್ತಾಗುತ್ತಿತ್ತು. ಗೌಡರು ಗೇಣಿಟ್ಟು ಅಳೆದರು. ಮೊದಲ ಮೀನೇ ಗೇಣು ದಾಟಿತು.

“ನಿಮ್ಮ ಗೇಣು ಇಷ್ಟೇನಾ, ಬುದ್ಧಿ?” ಅಂದ ಚೌಡಯ್ಯ. “ನಿಮ್ಮ ತಂದೆಯವರದು ಭಾರಿ ಗೇಣು ಅಂತಿದ್ರು.”

ಏರಿ ಮೇಲೆ ಯಾರೋ ಕೆಮ್ಮಿದರು. ಗೌಡರು ಹಲ್ಲು ಕಚ್ಚಿ ಬೆರಳು ಅಗಲಿಸಿದರು. ಇನ್ನೂ ಅಗಲಿಸಿದರು. ಆ ಮೀನು ಗಿಡ್ಡವಾಯಿತು. ಆಮೇಲೆ ಬಂದವೂ ಗಿಡ್ಡವಾದವು.

ಬುಟ್ಟಿಯೆಲ್ಲ ಚೌಡಯ್ಯನ ಪಾಲಾಗುತ್ತಿದ್ದರೂ ಜನರೆದುರು ಬೆರಳು ಕುಗ್ಗಿಸಲು ಗೌಡರಿಗೆ ಮನಸ್ಸಾಗಲಿಲ್ಲ. ಕೊನೆಯ ಮೀನು ಬಂದಾಗ, ಇನ್ನೊಂದು ಕೈಯಲ್ಲಿ ಅದರ ಬಾಲ ಹಿಡಿದು ಎಳೆದು ನೋಡಿದರು.