ಶಾಲೆ ಬಿಡುವ ಹೊತ್ತು

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ಅವರು ಕುಡಿದು, ಕೂತು, ಉಸಿರು ಬಿಟ್ಟ ಮೇಲೆಯೇ ಯಾಕೆ ಬಂದಿರಿ ಎಂದು ಕೇಳುವುದು.

ಕಳ್ಳ ಬಂದರೂ ಹೀಗೇ ಎಂದು ಅಲ್ಲಿಯ ಅಜ್ಜ ಹೇಳುತ್ತಿದ್ದರು. ಆ ಕಡೆ ಜನ ಗುರುಗಳನ್ನು ಅಜ್ಜ ಎಂದೇ ಕರೆಯುತ್ತಾರೆ.

ಒಂದು ಶನಿವಾರ ಬೆಳಿಗ್ಗೆ ಕಸ್ತೂರಿ ಬಂದಳು. ಚಿಕ್ಕಂದಿನಲ್ಲಿ ಅವಳು ಅಕ್ಷರ ಕಲಿತದ್ದು ಇದೇ ಅಜ್ಜನ ಹತ್ತಿರ. ಈಗ ಎರಡು ಮಕ್ಕಳ ತಾಯಿ. ಏನೇ ತೊಡಕಾದರೂ ಇಲ್ಲಿಗೆ ಓಡಿ ಬರುತ್ತಾಳೆ. ಅಜ್ಜ ಯಾವತ್ತೂ ನೆಟ್ಟಗೆ ಉತ್ತರ ಕೊಡುವುದಿಲ್ಲ ಎಂದು ಗೊತ್ತಿದ್ದೂ ಬರುತ್ತಾಳೆ.

ನೀರು ಕುಡಿದಳು. ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತಳು.

“ಅಜ್ಜಾರ, ಸೋಮವಾರ ಪ್ರಭೂನ್ನ ಸಾಲಿ ಬಿಡಸ್ತೀನ್ರಿ. ನೀವು ಹೂಂ ಅನ್ನಬೇಕು.”

“ಯಾಕ ತಂಗಿ, ಏನಾತು?”

ಆದದ್ದು ಇಷ್ಟು. ದೊಡ್ಡವಳು ಅಂಬಿಕಾಗೆ ಮಾತು ತೊದಲುತ್ತಿತ್ತು. ಶಾಲೆಯಲ್ಲಿ ಹುಡುಗರು ನಕ್ಕರು. ಹುಡುಗಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಕಸ್ತೂರಿ ಅವಳನ್ನು ಬಿಡಿಸಿ, ಮನೆಯಲ್ಲೇ ತಾನೇ ಕಲಿಸತೊಡಗಿದಳು. ಅದಕ್ಕೀಗ ನಾಲ್ಕು ವರ್ಷ. ಹುಡುಗಿ ಈಗ ದಪ್ಪ ದಪ್ಪ ಪುಸ್ತಕ ಓದುತ್ತಾಳೆ, ಬಾಯಿಲೆಕ್ಕದಲ್ಲಿ ಅಪ್ಪನನ್ನೇ ಸೋಲಿಸುತ್ತಾಳೆ.

ಚಿಕ್ಕವನು ಪ್ರಭುವಿಗೆ ಆರು ತುಂಬಿತು. ಅವನಿಗೂ ಮನೆಯಲ್ಲೇ ಎಂದು ತಾಯಿ ಪಾಟಿ ಬಳಪ ತಂದಿಟ್ಟಳು. ಅವನು ಓಣಿಯ ಹುಡುಗರ ಜೊತೆ ಸರಕಾರಿ ಶಾಲೆಗೇ ಹೋಗುತ್ತೇನೆಂದು ಹಟ ಹಿಡಿದ, ಅಂಗಳದಲ್ಲಿ ಹೊರಳಾಡಿದ, ಗೆದ್ದ.

ಮೊದಲ ದಿನ ಶಾಲೆಯಿಂದ ಬಂದವನೇ, “ಅವ್ವ, ಸಾಲ್ಯಾಗಿನ ಸಾರು ನಿನ್ನ ಸಾರಿಗಿಂತ ರುಚಿ ಐತಿ” ಎಂದ. ಹೆತ್ತವಳಿಗೆ ಇದಕ್ಕಿಂತ ನಾಟುವ ಮಾತು ಇನ್ನೊಂದಿಲ್ಲ. ಕಸ್ತೂರಿ ಅದನ್ನು ಅಜ್ಜನ ಮುಂದೆ ಎರಡು ಸಲ ಹೇಳಿದಳು.

“ಸಾರಿನ ಸಲುವಾಗಿ ಬಿಡಸ್ತೀಯೇನು?”

“ಸಾರಿಂದು ಹೋಗ್ಲಿ ಬಿಡ್ರಿ. ಆಗರ ಏನರ ಹೇಳ್ತಿದ್ದ. ಈಗ ಏನೂ ಹೇಳೂದ ಇಲ್ಲ. ಇವತ್ತ ಏನ ಕಲಿಸಿದ್ರೋ? ಏನಿಲ್ಲ. ಬರದಿದ್ದು ತೋರಸು? ಏನಿಲ್ಲ. ಯಾರ ಮಗ್ಗಲಕ್ಕ ಕುಂತಿದ್ದಿ? ಏನಿಲ್ಲ. ಅಷ್ಟ ಅಂದು ಚೀಲ ಒಗದು ಓಡಿ ಹೋಗ್ತಾನ. ಆರು ವರ್ಷದ ಹುಡುಗ, ನನ್ನ ಜೋಡಿ ಮಾತ ಬಿಟ್ಟಾನ್ರಿ ಅಜ್ಜಾರ.”

ಅಜ್ಜ ಮಾತನ್ನು ದೊಡ್ಡವಳ ಕಡೆ ತಿರುಗಿಸಿದರು.

“ಅಂಬಿಕಾ?”

ಕಸ್ತೂರಿಯ ಮುಖ ಅರಳಿತು.

“ಆಕೀದೇನೂ ಚಿಂತಿ ಇಲ್ರಿ. ಹಿಟ್ಟು ನಾದೂವಾಗ ಲೆಕ್ಕ, ಹಿತ್ತಲಕ್ಕ ಹೋದ್ರ ವಿಜ್ಞಾನ, ಮಾಳಗಿ ಮ್ಯಾಲೆ ಮಲಗಿದ್ರ ಚುಕ್ಕಿ ತೋರಿಸಿ ಖಗೋಳ. ಎದ್ದಾಗಿಂದ ಮಲಗೂತನಕ ಒಂದು ಗಳಿಗಿ ಹಾಳ ಮಾಡೂದಿಲ್ಲ ನಾ.”

“ಛಲೋ.”

“ಒಂದ ಮನ್ಯಾಗ ಎರಡು ಊರು ಆಗ್ಯಾವ್ರಿ. ಒಬ್ಬಾಕಿ ನನ್ನ ಊರಾಗ, ಒಬ್ಬಂವ ಪರ ಊರಾಗ. ಇಬ್ರನ್ನೂ ನನ್ನ ಹಂತ್ಯಾಕ ಇಟ್ಟುಕೊಂಡ್ರ ಮಗ ನನಗ ತಿರುಗಿ ಸಿಗ್ತಾನ. ಹೂಂ ಅನ್ರಿ.”

ಅಜ್ಜ ಹೂಂ ಅನ್ನಲಿಲ್ಲ. ಅಡುಗೆಮನೆಯ ಕಡೆ ತಿರುಗಿ, ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಮುದುಕಿಯನ್ನು ಕೂಗಿದರು.

“ಶಾಂತವ್ವ, ಹಿಟ್ಟು ಎಷ್ಟೈತೆವ್ವ?”

“ನಾಳೆ ರವಿವಾರ, ಮಂದಿ ಭಾಳ ಬರ್ತಾರ. ಸಾಲೂದಿಲ್ರಿ.”

“ತಂಗಿ, ಗಿರಣಿಗೆ ಹೋಗಿ ಜ್ವಾಳ ಬೀಸಿಸಿಕೊಂಡು ಬಾ. ಬಂದ ಮ್ಯಾಲೆ ಹೇಳ್ತೀನಿ.”

ಉತ್ತರ ಕೇಳಲು ಬಂದವಳಿಗೆ ಜೋಳದ ಚೀಲ ಸಿಕ್ಕಿತು. ಕಸ್ತೂರಿ ಗೊಣಗುತ್ತಲೇ ಎದ್ದಳು.

ಗಿರಣಿ ಪಕ್ಕದ ಊರಿನಲ್ಲಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿ ಡಬ್ಬಿಗಳ ಪಾಳಿ ಬಾಗಿಲ ತನಕ ಬಂದಿತ್ತು. ಪಾಳಿಯಲ್ಲಿ ನಿಂತವಳೊಬ್ಬಳು ಕಸ್ತೂರಿಯನ್ನೇ ದಿಟ್ಟಿಸಿ ನೋಡುತ್ತಿದ್ದಳು. ನೋಡಿದರೆ ಮಹಾದೇವಿ! ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಅಜ್ಜನ ಹತ್ತಿರ ಕಲಿತವರು. ಮದುವೆಯಾದ ಮೇಲೆ ಒಬ್ಬರಿಗೊಬ್ಬರು ಸಿಕ್ಕಿರಲೇ ಇಲ್ಲ.

ಗಿರಣಿಯ ಸದ್ದಿನಲ್ಲಿ ಮಾತು ಕೇಳಿಸದು. ಇಬ್ಬರೂ ಕೂಗಿ ಕೂಗಿ ಮಾತಾಡಿದರು. “ನೆನಪೈತೇನ, ಪಾಠ ಹೇಳ್ಕೋತನ ಅಜ್ಜಾರು ಗೊರಕಿ ಹೊಡೀತಿದ್ರು!” ಎಂದು ಮಹಾದೇವಿ ಕಿರುಚುವುದಕ್ಕೂ ಗಿರಣಿ ನಿಲ್ಲುವುದಕ್ಕೂ ಸರಿಹೋಯಿತು. ಪಾಳಿಗೆ ಪಾಳಿಯೇ ತಿರುಗಿ ನೋಡಿತು. ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು.

ದಾರಿಯುದ್ದಕ್ಕೂ ಕಸ್ತೂರಿಗೆ ನಗು ತಡೆಯಲಾಗಲಿಲ್ಲ. ಇದನ್ನು ಅಜ್ಜನಿಗೆ ಹೇಳಲೇಬೇಕು. ಹೇಗೆ ಶುರು ಮಾಡುವುದು, ಎಲ್ಲಿ ನಿಲ್ಲಿಸುವುದು, ಎಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮಗನ ಚಿಂತೆ ಕೂಡ ಸ್ವಲ್ಪ ಹೊತ್ತು ಮರೆತುಹೋಗಿತ್ತು.

ಆಶ್ರಮದ ಹೊಸ್ತಿಲಲ್ಲಿ ಅಜ್ಜ ಅಡ್ಡ ನಿಂತಿದ್ದರು.

“ಅಜ್ಜಾರ, ಅಲ್ಲಿ ಯಾರ ಸಿಕ್ಕಿದ್ರು ಗೊತ್ತೇನ್ರಿ...”

“ಪಾಳ್ಯಾಗ ಎಷ್ಟ ಡಬ್ಬಿ ಇದ್ದುವು?”

“ಎಂಟು ಹತ್ತು ಇರಬೇಕ್ರಿ. ಅಲ್ಲಿ...”

“ಎಂಟೋ, ಹತ್ತೋ?”

“ಎಂಟು.”

“ನೆನಪ ಮಾಡಿಕೊಂಡು ಹೇಳು. ಹಿಟ್ಟು ಸಣ್ಣಗ ಹಾಕಿಸಿದ್ಯಾ?”

“ಹೂಂನ್ರಿ.”

ಅಜ್ಜ ಅವಳ ಟೊಂಕದ ಮೇಲಿನ ಚೀಲಕ್ಕೆ ಕೈಹಾಕಿ, ಒಂದು ಚಿಟಿಕೆ ಹಿಟ್ಟು ಬೆರಳಲ್ಲಿ ತಿಕ್ಕಿ ನೋಡಿದರು.

“ಇದಕ್ಕ ಸಣ್ಣಗ ಅಂತಾರೇನು? ತಪ್ಪು.”

ಅಷ್ಟರಲ್ಲಿ ಶಾಂತವ್ವ ನೀರಿನ ತಂಬಿಗೆ ತಂದಳು. ಅಜ್ಜ ಕೈ ಅಡ್ಡ ಹಿಡಿದು ಅವಳನ್ನು ತಡೆದರು. ಮುದುಕಿ ತಂಬಿಗೆ ಹಿಡಿದು ಹಾಗೇ ನಿಂತುಬಿಟ್ಟಳು. ಆ ಮನೆಯಲ್ಲಿ ಹೀಗೆ ಆದದ್ದನ್ನು ಅವಳು ಕಂಡಿರಲಿಲ್ಲ.

“ದಾರ್ಯಾಗ ಎಡಕ್ಕ ಯಾವ ಬೆಳಿ ಇತ್ತು?”

“ಹೆಸರಕಾಳು.”

“ಬಲಕ್ಕ?”

“ನೋಡ್ಲಿಲ್ರಿ.”

“ಕಣ್ಣಿದ್ದು ನೋಡ್ಲಿಲ್ಲ? ಅಷ್ಟೊತ್ತು ಗಿರಣ್ಯಾಗ ನಿಂತು ಏನ ಕಲತಿ?”

ಟೊಂಕದ ಮೇಲೆ ಚೀಲ. ರೆಪ್ಪೆಯ ಮೇಲೆ ಹಿಟ್ಟು. ನೀರು ಎದುರಿಗೇ ಇದೆ, ಕೈಗೆ ಬರುತ್ತಿಲ್ಲ. ಕಸ್ತೂರಿಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಅಳು ಬಂತು.

“ಏನಿಲ್ರಿ” ಎಂದಳು.

“ಯಾರೋ ಸಿಕ್ಕಿದ್ರು ಅಂದ್ಯಲ್ಲ, ಯಾರು?”

“ಏನಿಲ್ರಿ.”

ಅಂದ ಕೂಡಲೇ ಅವಳೇ ಬೆಚ್ಚಿದಳು. ಆ ಮಾತು, ಆ ಧಾಟಿ, ಎರಡೂ ಅವಳಿಗೆ ಚೆನ್ನಾಗಿ ಗೊತ್ತಿದ್ದವು.

ಅಜ್ಜ ಪಕ್ಕಕ್ಕೆ ಸರಿದರು. ಚೀಲವನ್ನು ತಾವೇ ಇಳಿಸಿಕೊಂಡು ಒಳಗಿಟ್ಟರು. ಶಾಂತವ್ವ ನೀರು ಕೊಟ್ಟಳು. ಕಸ್ತೂರಿ ಗಟಗಟನೆ ಕುಡಿದು ಕಟ್ಟೆಯ ಮೇಲೆ ಕೂತಳು.

“ಏನೋ ಹೇಳಬೇಕಂತ ತಂದಿದ್ದಿ” ಎಂದರು ಅಜ್ಜ. “ನೀ ನಕ್ಕೋತ ಬರೂದನ್ನ ದೂರದಿಂದ ನೋಡಿದ್ದೆ.”

“ತಂದಿದ್ದೆನ್ರಿ.”

“ಈಗ ಹೇಳು.”

“ಈಗ ಅದರಾಗ ರುಚಿ ಇಲ್ರಿ.”

ಹೇಳಿ ತಲೆ ತಗ್ಗಿಸಿದಳು. ಆಮೇಲೆ ತಾನಾಗಿಯೇ ಶುರು ಮಾಡಿದಳು.

“ನಾ ದಿನಾ ಇದನ್ನ ಮಾಡ್ತೀನ್ರಿ. ಅಂವ ಚಪ್ಪಲ ಕಳಿಯೂದ್ರಾಗ ಹಿಡಕೋತೀನಿ. ಸಾಲ್ಯಾಗ ಬರಸಿದ್ದನ್ನ ಅಳಿಸಿ ನಾ ಬರಸ್ತೀನಿ. ಅಂಬಿಕಾ ನಿನ್ನಷ್ಟಿದ್ದಾಗ ಇದೆಲ್ಲ ಬರ್ತಿತ್ತು ಅಂತೀನಿ. ಆ ಸಾಲಿಗಿಂತ ನನ್ನ ಸಾಲಿ ಛಲೋ ಅಂತ ಆ ಸಣ್ಣ ಹುಡುಗನ ಕಡಿಂದ ಅನಿಸಿಕೊಳ್ಳಬೇಕಂತ...” ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಅಜ್ಜ ಅವಳನ್ನು ಅಳಲು ಬಿಟ್ಟರು. ಇಂಥ ಹೊತ್ತಿನಲ್ಲಿ ಸಮಾಧಾನ ಹೇಳುವವರು ಅವರಲ್ಲ.

ಕಣ್ಣೊರೆಸಿಕೊಂಡು ಕಸ್ತೂರಿ ಎದ್ದು ನಿಂತಳು.

“ಸೋಮವಾರ ಬಿಡಸೂದಿಲ್ರಿ. ಅಂವ ಸಾಲಿಗೆ ಹೋಗ್ಲಿ. ಬಂದ ಮ್ಯಾಲೆ ಉಂಡು ಆಡ್ಲಿ. ತಾನ ಹೇಳಿದ್ರ ಕೇಳ್ತೀನಿ.”

“ಹೂಂ.”

ಬೆಳಗಿನಿಂದ ಅವಳು ಬೇಡುತ್ತಿದ್ದ ಹೂಂ, ಬೇರೆ ಮಾತಿಗೆ ಸಿಕ್ಕಿತು. ಕಸ್ತೂರಿಗೆ ಅದೇ ಸಾಕಾಯಿತು. ಎದೆ ಹಗುರಾಗಿ ಅಜ್ಜನ ಕಾಲಿಗೆ ನಮಸ್ಕಾರ ಮಾಡಿದಳು.

“ಒಂದ ಭಾರ ಇಳೀತ್ರಿ. ಅಂಬಿಕಾಂದಂತೂ ಚಿಂತಿ ಇಲ್ಲ. ಬರ್ತೀನ್ರಿ.”

“ಕುಂದರು. ಅಂಬಿಕಾನ ಸಾಲಿ ಎಷ್ಟೊತ್ತಿಗೆ ಬಿಡ್ತೈತಿ?”

ಕಸ್ತೂರಿ ನಕ್ಕಳು.

“ಆಕಿ ಸಾಲಿ ಮನ್ಯಾಗ ಐತಲ್ರಿ, ಬಿಡೂದೆಲ್ಲಿ ಬಂತು?”

ಅಜ್ಜ ನಗಲಿಲ್ಲ.

“ನೀ ಕೇಳದ, ಆಕಿ ತಾನಾಗಿ ಬಂದು ನಿನಗ ಹೇಳಿದ ಮಾತು. ಈ ವಾರದ್ದು ಒಂದ ಹೇಳು.”

ಕಸ್ತೂರಿ ಬಾಯಿ ತೆರೆದಳು. ಹಿಟ್ಟು ನಾದುವಾಗ ಹುಡುಗಿ ಹೇಳಿದ್ದು ಲೆಕ್ಕದ ಉತ್ತರ. ಹಿತ್ತಲಲ್ಲಿ ಹೇಳಿದ್ದು ಗಿಡದ ಹೆಸರು. ಮಾಳಿಗೆಯ ಮೇಲೆ ಹೇಳಿದ್ದು ಚುಕ್ಕಿಯ ಹೆಸರು. ಎಲ್ಲವೂ ಸರಿ ಉತ್ತರಗಳೇ. ಹಿಂದಿನ ವಾರ ಹುಡುಕಿದಳು, ಅದರ ಹಿಂದಿನದನ್ನೂ ಹುಡುಕಿದಳು.

“ಪ್ರಭು ಬರೂದನ್ನ ಕಾಯ್ತಾಳ್ರಿ” ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. “ಅಂವ ಬಂದ ಕೂಡಲೇ ಇಬ್ರೂ ದನದ ಕೊಟಿಗಿಗೆ ಹೋಗ್ತಾರ. ಆಕಿ ಅಲ್ಲಿ ತೊದಲಿಕೋತ ಅವನ ಜೋಡಿ ಭಾಳ ಮಾತಾಡ್ತಾಳ. ನಗ್ತಾಳ. ನಾ ಹ್ವಾದ್ರ ಇಬ್ರೂ ಸುಮ್ಮನಾಗ್ತಾರ. ಹೊತ್ತ ಹಾಳಂತ ನಾ ಆಕೀನ್ನ ಪಾಠಕ್ಕ ಕರೀತೀನಿ.”

ಅಜ್ಜ ನದಿಯ ಕಡೆ ನೋಡುತ್ತಿದ್ದರು.

“ಹಂಗಾರ ಆಕೀನ್ನೂ ಸರಕಾರಿ ಸಾಲಿಗೆ ಹಾಕ್ಲೇನ್ರಿ?”

“ನಾ ಅದನ್ನ ಹೇಳ್ಲಿಲ್ಲ.”

“ಮತ್ತ ಏನ ಮಾಡ್ಲಿ ಅಜ್ಜಾರ?”

“ಹುಡುಗ ದಿನಾ ಸಂಜೀಕ ಮನಿಗೆ ಬರ್ತಾನ” ಎಂದರು ಅಜ್ಜ. “ಹುಡುಗಿ ನಿನ್ನ ಸಾಲಿಗೆ ಹೋಗಿ ನಾಕು ವರ್ಷಾತು, ಇನ್ನೂ ಮನಿಗೆ ಬಂದಿಲ್ಲ. ಹೋಗು, ಕರಕೊಂಡು ಬಾ.”