ನಾಲ್ಕನೆಯ ನಾಳ

“ಗುರುಗಳೇ, ಮೂರು ಆಯಾಮದ ಸ್ಕ್ಯಾನ್ ಹಲ್ಲಿನ ಬೇರಿನ ಒಳಗನ್ನೆಲ್ಲ ತೋರಿಸಿಬಿಡುತ್ತದೆ. ಇನ್ನು ದಂತವೈದ್ಯ ಹೆಮ್ಮೆಪಡಲು ಏನು ಉಳಿಯಿತು?” ಎಂದು ಶಿಷ್ಯೆ ಕೇಳಿದಳು.

ಗುರು ನಕ್ಕರು. “ಹೆಮ್ಮೆಯ ಮಾತು ತೆಗೆದೆಯಲ್ಲ, ಕೇಳು.”

ಒಬ್ಬ ದಂತವೈದ್ಯನಿದ್ದ. ಬೇರುನಾಳ ಚಿಕಿತ್ಸೆಯಲ್ಲಿ, ಅಂದರೆ ರೂಟ್ ಕೆನಾಲ್‌ನಲ್ಲಿ, ಎತ್ತಿದ ಕೈ. ತಾನು ಮುಟ್ಟಿದ ಹಲ್ಲು ಮತ್ತೆ ನೋಯುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಹೇಳಲಿ ಬಿಡು, ಬಹುಮಟ್ಟಿಗೆ ಅದು ನಿಜವೇ ಆಗಿತ್ತು.

ಒಬ್ಬ ಓಲಗದವನ ಮೇಲಿನ ದವಡೆ ಹಲ್ಲಿಗೆ ಅವನು ಚಿಕಿತ್ಸೆ ಮಾಡಿದ. ಎಕ್ಸ್‌ರೇ ನೋಡಿ, ಬೇರಿನ ಮೂರು ನಾಳಗಳನ್ನೂ ಶುಚಿಮಾಡಿ ತುಂಬಿ, ಕ್ಯಾಪ್ ಕೂರಿಸಿ ಕಳಿಸಿದ. ಓಲಗದವನು ತಿರುಗಿ ಬಂದ. ಊದಲು ಕೆನ್ನೆ ಉಬ್ಬಿಸಿದರೆ ಸಾಕು, ಆ ಹಲ್ಲು ಜೀವ ಹಿಂಡುತ್ತಿತ್ತು.

ವೈದ್ಯ ಮತ್ತೊಂದು ಎಕ್ಸ್‌ರೇ ತೆಗೆದ. ಅದರಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತು. “ನನ್ನ ಕೆಲಸದಲ್ಲಿ ಲೋಪವಿಲ್ಲ. ನೋವು ನಿಮ್ಮ ಭ್ರಮೆ” ಎಂದ.

“ಭ್ರಮೆಯೋ ಏನೋ, ಕಿತ್ತುಬಿಡಿ ಸ್ವಾಮಿ. ಮೊಮ್ಮಗಳ ಮದುವೆ ಹತ್ತಿರ ಬಂತು. ಅವಳ ತಾಳಿಗೆ ಗಟ್ಟಿಮೇಳ ನಾನೇ ಊದಬೇಕು.”

ವೈದ್ಯ ಇಕ್ಕಳ ಎತ್ತಿಕೊಂಡ. ಕೈ ಮುಂದೆ ಹೋಗಲಿಲ್ಲ. ಆ ಹಲ್ಲು ಕಿತ್ತರೆ ಗಾಯ ಮಾಯುವ ತನಕ ಊದುವಂತಿಲ್ಲ; ಮುಹೂರ್ತ ಅಷ್ಟು ಕಾಯುವುದಿಲ್ಲ. ಅಲ್ಲದೆ, ಅಷ್ಟು ಚೆನ್ನಾಗಿ ಮಾಡಿದ ಕೆಲಸವನ್ನು ಕಿತ್ತು ಬಿಸಾಡಲು ಅವನ ಹೆಮ್ಮೆಯೂ ಒಪ್ಪಲಿಲ್ಲ. ಒಲ್ಲದ ಮನಸ್ಸಿನಿಂದಲೇ ಮೂರು ಆಯಾಮದ ಸ್ಕ್ಯಾನ್ ಮಾಡಿಸಿದ.

ಎಕ್ಸ್‌ರೇ ಹಲ್ಲನ್ನು ಚಪ್ಪಟೆ ಮಾಡಿ ತೋರಿಸುತ್ತದೆ. ಒಂದರ ಹಿಂದೊಂದು ನಿಂತದ್ದು ಒಂದೇ ಆಗಿ ಕಾಣುತ್ತದೆ. ಸ್ಕ್ಯಾನಿನಲ್ಲಿ ಹಲ್ಲನ್ನು ಸುತ್ತಲೂ ತಿರುಗಿಸಿ ನೋಡಿದರೆ, ತುಂಬಿದ ನಾಳದ ಮರೆಯಲ್ಲಿ ಕೂದಲೆಳೆಯಂಥ ನಾಲ್ಕನೆಯ ನಾಳವಿತ್ತು. ಅದನ್ನು ಅವನು ಮುಟ್ಟಿಯೇ ಇರಲಿಲ್ಲ. ಅಯ್ಯೋ, ಅವನಿಗೆ ನಾಚಿಕೆಯಾಯಿತು. ಓಲಗದವನಿಗೆ ಸ್ಕ್ಯಾನ್ ಅರ್ಥವಾಗುವುದಿಲ್ಲ. ನಿಮ್ಮ ಹಲ್ಲೇ ವಿಚಿತ್ರ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ವೈದ್ಯ ಪರದೆಯನ್ನು ಓಲಗದವನ ಕಡೆಗೆ ತಿರುಗಿಸಿದ. “ಇಲ್ಲಿ ನೋಡಿ ಯಜಮಾನರೇ, ಇದನ್ನು ನಾನು ಬಿಟ್ಟುಬಿಟ್ಟಿದ್ದೆ. ನಿಮ್ಮ ನೋವು ನಿಜ. ಭ್ರಮೆ ನನ್ನದು” ಎಂದ. ತಾನೇ ಕೂರಿಸಿದ ಕ್ಯಾಪನ್ನು ತಾನೇ ಕೊರೆದು ತೆಗೆದು, ಆ ನಾಳವನ್ನೂ ಶುಚಿಮಾಡಿ ತುಂಬಿದ.

ಮದುವೆಯಲ್ಲಿ ತಾಳಿ ಕಟ್ಟುವಾಗ ಓಲಗದವನು ಚಪ್ಪರ ಹಾರಿಹೋಗುವಂತೆ ಊದಿದ. ಮುಂದಿನ ಸಾಲಿನಲ್ಲಿ ಕೂತಿದ್ದ ವೈದ್ಯನ ಎದೆ ಹೆಮ್ಮೆಯಿಂದ ಉಬ್ಬಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಬಿಡಲಿಲ್ಲ. “ಆದರೂ ನಾಳ ಹುಡುಕಿದ್ದು ಯಂತ್ರ ತಾನೇ?”

“ಹೌದಮ್ಮ. ಪರದೆ ತಿರುಗಿಸಿದ್ದು ಯಾವ ಯಂತ್ರ?”