ಹುಡುಕಾಸುರನೂ ಬುಟ್ಟಿ ಸಣ್ಣೀರನೂ

"ಕೇಳ್ರಪ್ಪೋ ಕೇಳಿ! ಹುಡುಕಾಸುರನ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಹೊನ್ನಾಜೆ. ತಪ್ಪಿದವನು ಅಸುರನ ಹೊಟ್ಟೆಗೆ!" ರಾಜ ಬಿಜ್ಜರಾಯ ಹೀಗಂತ ಡಂಗುರ ಹೊಡೆಸಿದ.

ಹೊಡೆಸದೆ ಇನ್ನೇನು ಮಾಡಿಯಾನು ಪಾಪ! ಆ ಊರಲ್ಲಿ ಯಾರಿಗೆ ಏನು ಬೇಕಾದರೂ ಹೆಬ್ಬಾಗಿಲ ಹುಡುಕಾಸುರನನ್ನೇ ಕೇಳಬೇಕು. ಅವನು ಅಂಗಡಿಗಳ ಹಲಗೆ ಓದಿ ದಾರಿ ತೋರಿಸುತ್ತಿದ್ದ. ಗಿರಾಕಿಗಳ ಆಸೆಗೆ ಅಂಗಡಿಯವರು "ಮೊರ, ಒಳ್ಳೆ ಮೊರ, ಮೊರ ಬೇಕೆ ಮೊರ" ಅಂತ ಹಲಗೆಗೆ ತುರುಕಿದ್ದೇ ತುರುಕಿದ್ದು. ಓದಿ ಓದಿ ತಲೆ ಕೆಟ್ಟು ಅಸುರ, ತನ್ನ ಮೂರು ಒಗಟು ಬಿಡಿಸೋ ತನಕ ದಾರಿ ತೋರಿಸಲ್ಲ ಅಂತ ಮುನಿಸಿಕೊಂಡು ಕೂತ. ಊರಿಗೆ ಊರೇ ದಾರಿ ಕಾಣದೆ ಒದ್ದಾಡಿತು.

ಡಂಗುರ ಕೇಳಿ ಬುಟ್ಟಿ ಹೆಣೆಯುವ ಸಣ್ಣೀರ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟ. ಅರಮನೆಗೆ ಹೂಬುಟ್ಟಿ ಕೊಡಲು ಹೋದಾಗಲೆಲ್ಲ ಹೊನ್ನಾಜೆ ಅವನ ಜೊತೆ ಹರಟುತ್ತಿದ್ದಳು. ಅವಳನ್ನು ಇನ್ಯಾವನೋ ಕಟ್ಟಿಕೊಂಡು ಹೋದರೆ ತಾನಿದ್ದು ಏನು ಸುಖ ಅನ್ನಿಸಿ ಹೆಬ್ಬಾಗಿಲಿಗೆ ಹೊರಟೇಬಿಟ್ಟ. ಅಲ್ಲಿ ಆಗಲೇ ಗಂಡುಗಳ ಸಾಲು ನಿಂತಿತ್ತು.

"ಮಗುವಿಗೆ ಕೆಮ್ಮಾದರೆ ತಾಯಿ ನನ್ನ ಹತ್ತಿರ ಬಂದು ಏನಂತಾಳೆ?" ಅಸುರ ಕೇಳಿದ.

ಪಕ್ಕದ ನಾಡಿನ ರಾಜಕುಮಾರ ಮೀಸೆ ತಿರುವಿ, "ಶ್ರೇಷ್ಠ ಕಾಸನಿವಾರಕ ಔಷಧ ಎಲ್ಲಿ ಲಭ್ಯ ಅಂತಾಳೆ" ಅಂದ. ಗುಳುಂ!

ಸಣ್ಣೀರ ಮುಂದೆ ಬಂದು, "ಮಗೂಗೆ ಕೆಮ್ಮು, ಏನ್ ಕೊಡ್ಲಿ ಅಂತಾಳೆ ಕಣಣ್ಣ. ಹೆದರಿದೋಳಿಗೆ ದೊಡ್ಡ ಮಾತೆಲ್ಲಿ ಬರುತ್ತೆ?" ಅಂದ. ಅಸುರ ತಲೆಯಾಡಿಸಿದ.

"ಒಂದು ಸಲ ಅಂದರೆ ಕೇಳುತ್ತೆ, ನೂರು ಸಲ ಅಂದರೆ ಕೇಳಲ್ಲ. ಏನದು?"

"ಗುಡಿ ಗಂಟೆ!" ಅಂದ ಮೊರದ ವ್ಯಾಪಾರಿ. ಅವನೂ ಗುಳುಂ!

"ಮಾರೋನ ಮಾತಣ್ಣ" ಅಂದ ಸಣ್ಣೀರ. " ಬೇಕಾದ ಕಡೆ ಒಮ್ಮೆ ಮೊರ ಅಂದ್ರೆ ಸಾಕು. ಬಾಯಿಗೆ ಬಂದಲ್ಲೆಲ್ಲ ಅಂದ್ರೆ ಯಾರು ಕಿವಿಗೆ ಹಾಕ್ಕೋತಾರೆ?"

"ಭೇಷ್! ಜನರನ್ನು ಅಂಗಡಿ ಬಾಗಿಲ ತನಕ ನಾನು ಕಳಿಸ್ತೀನಿ. ಒಳಗೆ ಕೂರಿಸೋದು ಯಾವುದು?"

"ಚಿನ್ನದ ಹಲಗೆ!" ಅಂದ ದಳಪತಿಯೂ ಗುಳುಂ. ಹೆಬ್ಬಾಗಿಲ ಉಪ್ಪರಿಗೆಯಲ್ಲಿ ರಾಜನ ಪಕ್ಕ ಕೂತಿದ್ದ ಹೊನ್ನಾಜೆ ಕಣ್ಣು ಮುಚ್ಚಿಕೊಂಡಳು.

"ನಿಜ ಹೇಳೋ ಹಲಗೆ ಕಣಣ್ಣ" ಅಂದ ಸಣ್ಣೀರ. " ಹಲಗೆ ಹೇಳಿದ್ದು ಒಳಗಿದ್ರೆ ಕೂರ್ತಾರೆ. ಇಲ್ಲದಿದ್ರೆ ಬೈಕೊಂಡು ಎದ್ದು ಹೋಗ್ತಾರೆ."

"ಅಬ್ಬಾ, ನನ್ನ ಸಂಕಟ ಬಲ್ಲವನು ಒಬ್ಬನಾದರೂ ಸಿಕ್ಕಿದನಲ್ಲ!" ಅಂತ ಅಸುರ ಜೋರಾಗಿ ತೇಗಿದ. ನುಂಗಿದ್ದವರೆಲ್ಲ ದಬದಬ ಹೊರಗೆ ಬಿದ್ದರು. ಮುನಿಸು ಇಳಿದ ಅಸುರ ಮತ್ತೆ ದಾರಿ ತೋರಿಸಲು ಎದ್ದ.

"ಮಗಳು ನಿನ್ನವಳಪ್ಪ" ಅಂದ ರಾಜ.

ಸಣ್ಣೀರ ಹೊನ್ನಾಜೆಯ ಕಡೆ ತಿರುಗಿದ. "ಅಮ್ಮಣ್ಣೀ, ನಂದು ಒಂದೇ ಕೋಣೆ ಮನೆ, ಮಳೆ ಬಂದ್ರೆ ಸೋರುತ್ತೆ. ನೀವಂದ್ರೆ ನಂಗೆ ಪ್ರಾಣ. ಬರ್ತೀರಾ?"

ಹೊನ್ನಾಜೆಯ ಕಣ್ಣು ತುಂಬಿ ಬಂತು. "ಬಂದ ಗಂಡುಗಳೆಲ್ಲ ನನ್ನ ಹೆಸರು ಜಪಿಸಿದರು. ಬರ್ತೀಯಾ ಅಂತ ಒಬ್ಬನಾದರೂ ಕೇಳಿದನಾ? ಬರ್ತೀನಿ ಕಣೋ, ನಡಿ."